ಹಟ್ಟಿಗೆ ಆಕ್ಷೇಪಣೆ ಇಲ್ಲ

ಫೆಬ್ರವರಿ 3, ಮಂಗಳವಾರ

ಇವರನ್ನು ಊಟಿಯ ಆಸ್ಪತ್ರೆಯಿಂದ ಮನೆಗೆ ಕರೆತಂದೆ. "ಇನ್ನು ಮನೆಯಲ್ಲೇ ಇರಲಿ, ಬೇಕೆಂದದ್ದು ಕೊಡಿ" ಎಂದರು ಡಾಕ್ಟರು. ನಲವತ್ತು ವರ್ಷ ಬಾಲವಾಡಿ ಮಕ್ಕಳಿಗೆ ಪಾಠ ಹೇಳಿದವಳು ನಾನು, ಅದರ ಅರ್ಥ ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಮಂಜೂರು ಪೇಟೆ ದಾಟುವವರೆಗೂ ಇವರು ಕಣ್ಣು ಮುಚ್ಚಿಕೊಂಡೇ ಇದ್ದರು. ಮನೆಗೆ ಬಂದು ಮಲಗಿಸಿದ ಮೇಲೆ, ಟ್ಯಾಕ್ಸಿ ಹೋದ ಸದ್ದು ಪೂರಾ ಅಡಗಿದ ಮೇಲೆ, ನನ್ನ ಕೈ ಹಿಡಿದುಕೊಂಡು ಹೇಳಿದರು.

"ರಾಜಾಮಣಿ, ಆ ಕಾಗದಕ್ಕೆ ನಾ ಸೈನು ಹಾಕಿಬಿಟ್ಟೆ."

ಯಾವ ಕಾಗದ ಎಂದು ಕೇಳಲಿಲ್ಲ. ಎದ್ದು ಕಿಟಕಿ ಮುಚ್ಚಿದೆ.

ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಚಿಕ್ಕಂದಿನಲ್ಲಿ ಗುಂಡ್ಲುಪೇಟೆಯಲ್ಲಿ ಅಪ್ಪ ಕೆಲಸಕ್ಕಿದ್ದಾಗ ಅಲ್ಲಿಯ ಶಾಲೆಯಲ್ಲಿ ಏಳು ವರ್ಷ ಕಲಿತದ್ದು. ನೀಲಗಿರಿಯ ಈ ನಮ್ಮ ಹಟ್ಟಿಯಲ್ಲಿ ಆಡುವುದು ಬಡಗ ಭಾಷೆ, ಓದುವುದು ತಮಿಳು. ಈ ಅಕ್ಷರ ನನ್ನೊಬ್ಬಳದೇ. ಯಾರಿಗಾದರೂ ಹೇಳದಿದ್ದರೆ ಎದೆ ಒಡೆದು ಸತ್ತೇನು, ಹೇಳಿದರೆ ಬದುಕಿಯೂ ಸತ್ತ ಹಾಗೆ.

ಆಗಿದ್ದಿಷ್ಟು. ಹಟ್ಟಿಯ ಮೇಲಿನ ಹುಲ್ಲುಬೆಟ್ಟದಲ್ಲಿ ಡೇಟಾ ಸೆಂಟರ್ ಕಟ್ಟುತ್ತಾರಂತೆ. ಸಾವಿರಾರು ಕಂಪ್ಯೂಟರು ಹಗಲೂ ರಾತ್ರಿ ಓಡುವ ಗೋದಾಮು. ಅವು ಬಿಸಿಯೇರದಂತೆ ನಮ್ಮ ಹಳ್ಳದ ನೀರು ಹಾಯಿಸುತ್ತಾರಂತೆ. ಕುಡಿಯುವುದಕ್ಕೂ, ಗುಡಿಗೂ, ಟೀ ತೋಟಕ್ಕೂ ನಮಗಿರುವುದು ಆ ಒಂದೇ ಹಳ್ಳ. ನವೆಂಬರಿನಲ್ಲಿ ಹಟ್ಟಿಯವರೆಲ್ಲ ಗುಡಿಯ ಮುಂದೆ ಕೂತು ತೀರ್ಮಾನ ಮಾಡಿದರು: ಯಾರೂ ಒಪ್ಪಿಗೆ ಕೊಡಕೂಡದು. ಕೊಟ್ಟವರ ಹೊಸ್ತಿಲನ್ನು ಹಟ್ಟಿಯ ಯಾರೂ ದಾಟಬಾರದು, ಸಾವಿಗೂ.

ಆ ತೀರ್ಮಾನ ಬರೆದದ್ದು ಹಟ್ಟಿ ಕಮಿಟಿಯ ಕಾರ್ಯದರ್ಶಿ ರಂಗನಾಥನ್. ನನ್ನ ಗಂಡ. 'ಸಾವಿಗೂ' ಎಂಬುದರ ಅಡಿಗೆ ಸ್ಕೇಲಿಟ್ಟು ಗೆರೆ ಎಳೆದದ್ದೂ ಇವರೇ.

ಫೆಬ್ರವರಿ 4

ನಿನ್ನೆ ಅಲ್ಲಿಗೇ ನಿಲ್ಲಿಸಿದೆ. ಇವತ್ತು ಪೂರ್ತಿ ಬರೆಯುತ್ತೇನೆ.

ಜನವರಿಯಲ್ಲಿ ಇವರನ್ನು ಆಸ್ಪತ್ರೆಗೆ ಸೇರಿಸಿದಾಗ ಎರಡು ದಿನ ವರಾಂಡದ ನೆಲವೇ ಗತಿ. ಹೊರಗೆ ಹಿಮ ಬಿದ್ದ ಚಳಿ, ಇವರಿಗೆ ಒಂದೊಂದು ಉಸಿರೂ ಬೆಟ್ಟ ಹತ್ತಿದಷ್ಟು ಕಷ್ಟ. ಮೂರನೆಯ ದಿನ ಎಮ್ಮೆಲ್ಲೆ ಮುರಳೀಧರನ್ ಯಾರನ್ನೋ ನೋಡಲು ಬಂದವನು ನಮ್ಮನ್ನು ಕಂಡ. ನನ್ನ ಬಾಲವಾಡಿಯಲ್ಲಿ ಚಡ್ಡಿ ಒದ್ದೆ ಮಾಡಿಕೊಂಡು ಅಳುತ್ತಿದ್ದ ಹುಡುಗ, ಪಕ್ಕದ ಹಟ್ಟಿಯವನು. "ಟೀಚರ್, ನೀವು ನೆಲದಲ್ಲಾ!" ಎಂದು ಕೂಗಾಡಿದ. ಅರ್ಧ ಗಂಟೆಯಲ್ಲಿ ಬೆಡ್ಡು ಬಂತು, ಆಕ್ಸಿಜನ್ ಬಂತು, ನನಗೊಂದು ಕುರ್ಚಿಯೂ ಬಂತು. ಅವನ ತಾಯಿಯ ಹೊಟ್ಟೆ ತಣ್ಣಗಿರಲಿ ಎಂದು ಮನಸಾರೆ ಹರಸಿದೆ.

ಮಾರನೆಯ ದಿನ ಅವನ ಪಿಎ ಒಂದು ಫೈಲು ಹಿಡಿದು ಬಂದ. ನಾನು ಆಸ್ಪತ್ರೆಯ ಫಾರಂ ಎಂದುಕೊಂಡೆ. ಇವರು ಕನ್ನಡಕ ಕೇಳಿದರು. ನನ್ನ ಸೆರಗಿನಿಂದಲೇ ಒರೆಸಿ ಕೊಟ್ಟೆ.

'ಹಟ್ಟಿ ಕಮಿಟಿಗೆ ಆಕ್ಷೇಪಣೆ ಇಲ್ಲ' ಎಂದಿತ್ತಂತೆ ಅದರಲ್ಲಿ. ಕಾರ್ಯದರ್ಶಿಯ ಸೈನು. ಇವರು ಓದಿಯೇ ಹಾಕಿದರು. "ಮೂಗಿನಲ್ಲಿ ಪೈಪು ಇತ್ತು ರಾಜಾಮಣಿ. ಅದನ್ನ ಕಿತ್ತುಬಿಟ್ಟಾರು ಅಂತ ಹೆದರಿಕೆ ಆತು" ಎಂದರು. ಅಷ್ಟು ದೊಡ್ಡ ಗಂಡಸು ಮಗುವಿನ ಹಾಗೆ ಹೇಳಿದರು.

ಫೆಬ್ರವರಿ 5

ನಂಜುಂಡನ್ ಮಾವ ಇವರನ್ನು ನೋಡಲು ಬಂದರು. ಎಂಬತ್ತೆರಡು ವರ್ಷ, ಹಟ್ಟಿಯ ಹಿರಿಯ, ಬಿಳಿ ಮುಂಡಾಸು ಇಂದಿಗೂ ತಾವೇ ಕಟ್ಟುತ್ತಾರೆ. ನಮ್ಮಲ್ಲಿ ಸಾವಾದರೆ ಕರು ಹರಚುವವರು ಅವರೇ. ಹೆಣದ ತಲೆಯ ಬಳಿ ನಿಂತು, ಸತ್ತವನು ತಿಳಿದೋ ತಿಳಿಯದೆಯೋ ಮಾಡಿರಬಹುದಾದ ಪಾಪಗಳನ್ನೆಲ್ಲ ಒಂದೊಂದಾಗಿ ಹೇಳುತ್ತಾರೆ. ಪ್ರತಿಯೊಂದಕ್ಕೂ ಸೇರಿದ ಜನವೆಲ್ಲ 'ಅದು ಪಾಪ' ಎನ್ನಬೇಕು. ಹಾಗೆ ಎಲ್ಲರ ಬಾಯಲ್ಲೂ ಬಂದು ಇಳಿದರೇನೇ ಜೀವ ಆಚೆ ದಾಟುವುದು. ಹಟ್ಟಿ ಬರದಿದ್ದರೆ ಹೇಳುವವರಿಲ್ಲ, ಅನ್ನುವವರಿಲ್ಲ, ಹೊರುವವರೂ ಇಲ್ಲ. ನಮಗೆ ಮಕ್ಕಳಿಲ್ಲ.

ಮಾವ ಮಂಚದ ತುದಿಯಲ್ಲಿ ಕೂತು ಇವರ ಕಾಲು ಒತ್ತಿದರು. "ನೀ ಬರೆದ ತೀರ್ಮಾನ ಐತಲ್ಲ ರಂಗಾ, ಬಂಡೆ ಹಂಗೆ ನಿಂತೈತೆ. ಯಾವ ಮಂತ್ರಿ ಬಂದರೂ ಅಲ್ಲಾಡದು" ಎಂದರು. ಇವರು ಗೋಡೆಯ ಕಡೆ ತಿರುಗಿದರು. ನಾನು ಕಂಬಳಿಯನ್ನು ಅವರ ಕಿವಿಯವರೆಗೂ ಎಳೆದೆ. "ಚಳಿ ಜಾಸ್ತಿ ಮಾವ" ಎಂದೆ. ಸುಳ್ಳಿಯ ನಾಲಿಗೆ ಎಷ್ಟು ಚುರುಕು!

ಫೆಬ್ರವರಿ 8

ಚುನಾವಣೆ ಹತ್ತಿರ ಬಂತು. ಟೀವಿ ಹಾಕಿದರೆ ಇದೇ ಮಾತು. ಹೆದರಿದವಳು ಸುಮ್ಮನಿರುವ ಬದಲು ಹಳೆಯ ಪೇಪರುಗಳನ್ನು ಅಟ್ಟದಿಂದ ಇಳಿಸಿ ಕೂತೆ. ಯಾರು ಏನು ಹೇಳಿದ್ದರು ಎಂದು ನೋಡೋಣವೆಂದು.

ಮುರಳೀಧರನ್, ಐದು ವರ್ಷದ ಹಿಂದೆ ನಮ್ಮ ಗುಡಿಯ ಕಟ್ಟೆಯ ಮೇಲೆ ನಿಂತು: "ಈ ಹಳ್ಳದ ಒಂದು ಚೊಂಬು ನೀರನ್ನೂ ಹೊರಗಿನವರಿಗೆ ಬಿಡೆ." ಹೋದ ವಾರ ಟೀವಿಯಲ್ಲಿ: "ಚಳಿಯೇ ನಮ್ಮ ಬಂಡವಾಳ. ನೀಲಗಿರಿ ಬರೀ ಟೀ, ಕ್ಯಾರೆಟ್ ಬೆಳೆದುಕೊಂಡು ಎಷ್ಟು ದಿನ ಕೂರಬೇಕು?"

ಅವನ ಎದುರಾಳಿ ಗಿರಿಧರನ್, ಮಂಜೂರು ಬಸ್‌ಸ್ಟ್ಯಾಂಡಿನಲ್ಲಿ: "ಆ ಕಟ್ಟಡ ಏಳುವುದಾದರೆ ನನ್ನ ಹೆಣದ ಮೇಲೆ." ಅದೇ ತಿಂಗಳು ಕೊಯಮತ್ತೂರಿನ ಉದ್ಯಮಿಗಳ ಸಭೆಯಲ್ಲಿ: "ಈ ಯೋಜನೆ ಮೊದಲು ಯೋಚಿಸಿದ್ದೇ ನಮ್ಮ ಪಕ್ಷ. ಇನ್ನೂ ದೊಡ್ಡದಾಗಿ ಮಾಡುತ್ತೇವೆ."

ಆಹಾ! ಕೆಳಗಿನ ಬಯಲಿಗೊಂದು ನಾಲಿಗೆ, ಬೆಟ್ಟಕ್ಕೊಂದು ನಾಲಿಗೆ. ಇಂಥವರ ಹೊಸ್ತಿಲು ದಾಟಬಾರದೆಂದು ಯಾರೂ ಹೇಳುವುದಿಲ್ಲ. ಬಂದರೆ ಆರತಿ ಎತ್ತುತ್ತಾರೆ. ಉಸಿರಾಡಲು ಒದ್ದಾಡುತ್ತಿದ್ದವನು ಒಂದು ಸಲ ತಪ್ಪಿದ್ದಕ್ಕೆ ಹೆಣ ಹೊರುವವರಿಲ್ಲ.

ಬರೆದ ಮೇಲೆ ಭಯವಾಯಿತು. ಪೇಪರಿನಿಂದ ಕತ್ತರಿಸಿಕೊಂಡ ಆ ಮಾತುಗಳ ತುಂಡುಗಳನ್ನು ಅಕ್ಕಿ ಡಬ್ಬದ ಅಡಿಗೆ ಇಟ್ಟೆ.

ಫೆಬ್ರವರಿ 9

ನಂಜುಂಡನ್ ಮಾವನ ಮೊಮ್ಮಗಳು ಸಿಂಧುಜಾ ಊಟಿ ಕೋರ್ಟಿನಲ್ಲಿ ವಕೀಲೆ. ಸಂಜೆ ಹಣ್ಣು ಹಿಡಿದುಕೊಂಡು ಬಂದಳು. "ದೊಡ್ಡವ್ವೆ, ಸರ್ಕಾರದವರು ಹಟ್ಟಿಯ ಒಪ್ಪಿಗೆ ಪತ್ರ ಸಿಕ್ಕೈತೆ ಅಂತಾರೆ. ಯಾರು ಕೊಟ್ಟರೋ ನೋಡಲೇಬೇಕು. ಇವತ್ತೇ ಆರ್‌ಟಿಐ ಹಾಕಿದೆ. ಮೂವತ್ತು ದಿನದಲ್ಲಿ ಉತ್ತರ ಬಂದೇ ಬರ್ತದೆ" ಎಂದಳು.

ಮೂವತ್ತು ದಿನ. ಮಾರ್ಚ್ 11.

ಫೆಬ್ರವರಿ 14

ಮುರಳೀಧರನ್ ಬಂದಿದ್ದ. ಮೂರು ಕಾರು, ಹಿಂದೆ ಕ್ಯಾಮೆರಾದವರು. ಪುಣ್ಯಕ್ಕೆ ಅವರನ್ನು ಹೊರಗೇ ನಿಲ್ಲಿಸಿದ. ಒಳಗೆ ಬಂದವನೇ ನಮ್ಮವರ ಪದ್ಧತಿಯಂತೆ ತಲೆ ಬಗ್ಗಿಸಿ ನನ್ನ ಮುಂದೆ ನಿಂತ. ಬೈಯಬೇಕೆಂದು ಹತ್ತು ದಿನದಿಂದ ಮಾತು ಜೋಡಿಸಿಟ್ಟವಳು ನಾನು. ಈ ಹಾಳು ಕೈ ತಾನಾಗಿಯೇ ಹೋಗಿ ಅವನ ನೆತ್ತಿ ಮುಟ್ಟಿತು. "ಒಳ್ಳೆದಾಗಲಿ" ಎಂದೂ ಅಂದುಬಿಟ್ಟೆ. ಬಗ್ಗಿದ ತಲೆಯನ್ನು ಹಾಗೇ ಬಿಡಲು ನಮಗೆ ಯಾರೂ ಕಲಿಸಲಿಲ್ಲ.

ಇವರು ಮಲಗಿದ್ದರು. ಧ್ವನಿ ಇಳಿಸಿ ಹೇಳಿದೆ. "ಮುರಳಿ, ಆ ಕಾಗದ ತಿರುಗಿ ಕೊಡಪ್ಪ."

"ಅದು ಬರೀ ಆಕ್ಷೇಪಣೆ ಇಲ್ಲ ಅನ್ನೋ ಪತ್ರ ಟೀಚರ್. ಯಾಕೆ ಇಷ್ಟು ತಲೆ ಕೆಡಿಸ್ಕೋತೀರ?"

"ಬರೀ ಆದರೆ ಕೊಟ್ಟುಬಿಡು."

"ಅದೀಗ ಚೆನ್ನೈಯಲ್ಲಿ. ಪೋರ್ಟಲಿಗೆ ಏರಿಸಿಯೂ ಆಯ್ತು. ಕಾಗದ ಹರಿದರೂ ಅದು ಇರ್ತದೆ." ನಕ್ಕ. "ಹೆದರಬೇಡಿ, ಚುನಾವಣೆ ಮುಗಿಯೋವರೆಗೂ ಹೆಸರು ಹೊರಗೆ ಬರದಂಗೆ ನೋಡ್ಕೋತೀನಿ. ನಮ್ಮ ಹುಡುಗರಿಗೆ ಕೆಲಸ ಬರ್ತದೆ ಟೀಚರ್, ಅದನ್ನೂ ಯೋಚನೆ ಮಾಡಿ. ಟೀ ಎಲೆಗೆ ಈಗ ಯಾವ ರೇಟು ಐತೆ?"

ಎಲೆಯ ರೇಟು ನೆಲಕ್ಕೆ ಬಿದ್ದಿರುವುದು ನಿಜವೇ. ಬಾಗಿಲವರೆಗೆ ಹೋದವನು ತಿರುಗಿ, "ನಿಮಗೂ ಒಂದು ಮಾತು ಟೀಚರ್. ನೀವು ಹೇಳದಿದ್ದರೆ ಯಾರಿಗೂ ಗೊತ್ತಾಗೋದಿಲ್ಲ" ಎಂದ. ಪ್ರೀತಿಯಿಂದಲೇ ಹೇಳಿದ. ಆದರೂ ಅವನು ಹೋದ ಮೇಲೆ ಚಿಲಕ ಹಾಕಿ ಬಹಳ ಹೊತ್ತು ಬಾಗಿಲಿಗೇ ಒರಗಿ ನಿಂತೆ.

ಫೆಬ್ರವರಿ 20

ಇವರಿಗೆ ಇಡ್ಲಿಯ ಅರ್ಧ ತುಂಡೂ ಇಳಿಯುತ್ತಿಲ್ಲ. ಮಧ್ಯಾಹ್ನ ಕಿಟಕಿಯ ಬಿಸಿಲಿಗೆ ದಿಂಬು ಒರಗಿಸಿ ಕೂರಿಸಿದೆ. ಟೀ ತೋಟದಲ್ಲಿ ಕಾಡಿನಿಂದ ಇಳಿದ ಕಾಟಿಗಳು ಹಿಂಡಾಗಿ ನಿಂತಿದ್ದವು. ಅವನ್ನೇ ನೋಡುತ್ತ ಕೇಳಿದರು.

"ಎನಗೆ ಕರು ಹರಚುತಾರಾ?"

"ಸುಮ್ಮನಿರಿ."

"ನಾ ಹಗಲೆಲ್ಲ ಮನಸ್ಸಲ್ಲೇ ಹೇಳಿಕೋತೀನಿ. ಗಡಿಕಲ್ಲು ಸರಿಸಿದ್ದು, ಹರಿಯೋ ಹಾವು ಕೊಂದಿದ್ದು, ದಾರಿ ಕೇಳಿದವನಿಗೆ ತಪ್ಪು ದಾರಿ ತೋರಿದ್ದು... ಎನ್ನದು ಅದರಲ್ಲಿ ಇಲ್ಲೆ ರಾಜಾಮಣಿ. ಕಾಗದದ ಮೇಲೆ ಹಳ್ಳ ಕೊಟ್ಟಿದ್ದು ಅದರಲ್ಲಿ ಇಲ್ಲೆ. ಹಿಂದಿನೋರಿಗೆ ಅಂಥಾ ಪಾಪ ಗೊತ್ತಿರಲಿಲ್ಲ."

ಜಾರಿದ ದಿಂಬು ಸರಿಮಾಡಿದೆ. ಅವರೇ ಮುಂದುವರಿಸಿದರು. "ಯಾರಿಗೂ ಹೇಳಬೇಡ. ನಾ ಬೂದಿ ಆಗೋವರೆಗೂ ಹೇಳಬೇಡ. ಹೊರೋರಿಲ್ಲದೆ ಇಲ್ಲೇ ಬಿದ್ದಿರೋದು ನೆನೆಸಿದರೆ..." ಮಾತು ಮುಗಿಸಲು ಉಸಿರು ಸಾಲಲಿಲ್ಲ.

ಹೇಳುವುದಿಲ್ಲ ಎಂದು ತಲೆ ಮುಟ್ಟಿ ಆಣೆ ಮಾಡಿದೆ.

ಫೆಬ್ರವರಿ 26

ಬರೆಯಬಾರದ್ದನ್ನು ಬರೆಯುತ್ತೇನೆ.

ಬೆಳಿಗ್ಗೆ ಪೋಸ್ಟಿನವನ ಬೈಕು ಕೇಳಿತು. ಸಿಂಧುಜಾಳ ಮನೆ ಕಡೆ ಹೋಗದೆ ತಿರುಗಿಕೊಂಡಿತು. ಅಬ್ಬ, ಇವತ್ತಿಗೆ ಪಾರಾದೆವು ಎಂದುಕೊಂಡೆ. ಆಮೇಲೆ ಇವರ ಎದೆ ಏರಿಳಿಯುವುದನ್ನು ನೋಡುತ್ತ ಕೂತೆ, ಮಾರ್ಚ್ 11ಕ್ಕೆ ಇನ್ನೆಷ್ಟು ದಿನ ಎಂದು ಬೆರಳು ಮಡಿಸಿದೆ. ಹದಿಮೂರು. ಅಷ್ಟರೊಳಗೆ ಇವರು ಹೋಗಿಬಿಡಲಿ ಎಂದುಕೊಂಡೆ.

ಮೂವತ್ತೊಂಬತ್ತು ವರ್ಷ ಸಂಸಾರ ಮಾಡಿದವಳು ಹಾಗೆ ಅಂದುಕೊಂಡೆ. ಉಸಿರು ಸ್ವಲ್ಪ ಸರಾಗವಾದರೆ ನನಗೆ ಗಾಬರಿಯಾಗುತ್ತದೆ. ನಾನು ಇಂಥವಳಾದೆ.

ಮಾರ್ಚ್ 2

ಗಿರಿಧರನ್ ಹಟ್ಟಿಗೆ ಮತ ಕೇಳಲು ಬಂದ. 'ನನ್ನ ಹೆಣದ ಮೇಲೆ' ಎಂಬ ಮಾತನ್ನೇ ಮತ್ತೆ ಆಡಿದ. ಹೆಂಗಸರ ಸಾಲಿನಿಂದ ಒಂದು ಧ್ವನಿ, "ಹಂಗಾದರೆ ಕೊಯಮತ್ತೂರಿನಲ್ಲಿ ಇನ್ನೂ ದೊಡ್ಡದು ಕಟ್ತೀವಿ ಅಂದದ್ದು ಯಾರು? ತಾರೀಕು ಹೇಳಲಾ?" ಎಂದು ಕೇಳಿತು. ಎಲ್ಲರೂ ತಿರುಗಿ ನನ್ನನ್ನೇ ನೋಡಿದಾಗ ಗೊತ್ತಾಯಿತು ಅದು ನನ್ನದೇ ಧ್ವನಿ. ತಾರೀಕನ್ನೂ ಹೇಳಿದೆ. ಸಿಂಧುಜಾ ಚಪ್ಪಾಳೆ ತಟ್ಟಿದಳು. ಅವನು, "ಪೇಪರಿನವರು ತಿರುಚಿದರು ಅವ್ವೆ" ಎಂದು ಕೈ ಮುಗಿದು ಕಾರು ಹತ್ತಿದ.

ನನಗೇನು ಬಂದಿತ್ತು ದೊಡ್ಡ ರೋಗ! ಎಲ್ಲರ ಕಣ್ಣೂ ನಮ್ಮ ಮನೆ ಮೇಲೆ ಬೀಳುವಂತೆ ಮಾಡಿಕೊಂಡೆ. ಇನ್ನು ಬಾಯಿಗೆ ಬೀಗ.

ಮಾರ್ಚ್ 6, ಶುಕ್ರವಾರ

ಬೆಳಿಗ್ಗೆ ಹತ್ತೂವರೆಗೆ ಹೋದರು.

ತುಪ್ಪದಲ್ಲಿ ಅದ್ದಿದ ಚಿನ್ನದ ಹಣ, ಮಸೂರದ ಕಾಳಿನಷ್ಟು ಸಣ್ಣ ನಾಣ್ಯ, ನಮ್ಮಲ್ಲಿ ಸಾಯುವವರ ನಾಲಿಗೆಗೆ ಇಡುವುದು ಪದ್ಧತಿ. ನನ್ನ ಕೈಯಿಂದಲೇ ಇಟ್ಟೆ. ನುಂಗಿದರು. ನನ್ನನ್ನು ನೋಡಿದರು.

ಸುದ್ದಿ ಫೋನಿನಲ್ಲಿ ಹಟ್ಟಿಯಿಂದ ಹಟ್ಟಿಗೆ ಹೋಯಿತು. ಹನ್ನೊಂದಕ್ಕೆಲ್ಲ ಅಂಗಳ ತುಂಬಿತು. ಎಲ್ಲರೂ ಹೊಸ್ತಿಲು ದಾಟಿ ಒಳಗೆ ಬಂದರು, ನನ್ನನ್ನು ತಬ್ಬಿಕೊಂಡು ಅತ್ತರು. ಉತ್ತರ ಇನ್ನೂ ಬಂದಿಲ್ಲ. ಐದು ದಿನ ಮಿಕ್ಕಿದೆ. ಇನ್ನು ಯಾವ ಭಯವೂ ಇಲ್ಲ. ನಾಳೆ ಹೊರುತ್ತಾರೆ.

ಯಾವ ಭಯವೂ ಇಲ್ಲವಾದರೆ ನಡುರಾತ್ರಿ ಎದ್ದು ಇದನ್ನೇಕೆ ಬರೆಯುತ್ತಿದ್ದೇನೋ.

ಮಾರ್ಚ್ 8, ಭಾನುವಾರ

ನಿನ್ನೆಯದನ್ನು ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ಮುಖ ತೊಳೆದು ಇವರ ಪಕ್ಕ ಕೂತೆ. ಅವರ ಮುಖ ಸಣ್ಣದಾಗಿತ್ತು. 'ಎನ್ನದು ಅದರಲ್ಲಿ ಇಲ್ಲೆ' ಎಂದದ್ದೇ ಕಿವಿಯಲ್ಲಿ. ಹೊತ್ತುಕೊಂಡೇನೋ ಹೋಗುತ್ತಾರೆ. ಎಲ್ಲ ಪಾಪವನ್ನೂ ಹೇಳುತ್ತಾರೆ, ಮಾಡಿದ್ದೊಂದನ್ನು ಬಿಟ್ಟು. ಅದೊಂದನ್ನು ಕಟ್ಟಿಕೊಂಡು ಇವರು ಒಬ್ಬರೇ ಹೇಗೆ ದಾಟಬೇಕು? ಆಣೆ ಮಾಡಿದ್ದೆ ನಿಜ. ಆಣೆ ಮುರಿದದ್ದರ ಪಾಪ ನನಗಿರಲಿ, ಅದಾದರೆ ಪಟ್ಟಿಯಲ್ಲಿದೆ.

ನಂಜುಂಡನ್ ಮಾವನನ್ನು ಹಿತ್ತಿಲಿಗೆ ಕರೆದೆ. ಒಗೆಯುವ ಕಲ್ಲಿನ ಮೇಲೆ ಅವರನ್ನು ಕೂರಿಸಿದೆ. ಬೆಡ್ಡು, ಪೈಪು, ಫೈಲು, ಕನ್ನಡಕ, ಎಲ್ಲ ಹೇಳಿದೆ. ನಾನು ವಾರ ವಾರ ಅವರ ಎದುರು ಆಡಿದ ಸುಳ್ಳನ್ನೂ ಹೇಳಿದೆ.

ಮಾವ ಮುಂಡಾಸು ಬಿಚ್ಚಿ ಮಡಿಲಲ್ಲಿಟ್ಟುಕೊಂಡರು. ಕೊನೆಗೆ ಕೇಳಿದರು. "ಉತ್ತರ ಬರೋಕ್ಕೆ ಇನ್ನೂ ನಾಲ್ಕು ದಿನ ಐತೆ. ಅಷ್ಟರಲ್ಲಿ ಎಲ್ಲ ಮುಗಿದು ಹೋಗ್ತಿತ್ತು. ಏಕೆ ಹೇಳಿದೆ?"

"ನೀವು ಹೇಳದೆ ಬಿಟ್ಟರೆ ಅದು ಅವರ ಮೇಲೇ ಉಳೀತದೆ ಮಾವ."

"ತೀರ್ಮಾನದಲ್ಲಿ ಸಾವಿಗೂ ಅಂತ ಐತೆ."

"ಗೊತ್ತು. ಗೆರೆ ಎಳೆಯುವಾಗ ಸ್ಕೇಲು ಕೊಟ್ಟದ್ದೂ ನಾನೇ."

ಅವರು ಎದ್ದು ಹೊರಟರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲಿಲ್ಲ. ಮುಗಿಯಿತು ಎಂದುಕೊಂಡೆ. ನಾಲ್ಕು ಜನ ಕೂಲಿಯವರನ್ನು ಮಂಜೂರಿನಿಂದ ಕರೆಸಲು ಯಾರಿಗೆ ಫೋನು ಮಾಡಲಿ ಎಂದು ಯೋಚಿಸುತ್ತ ಅಲ್ಲೇ ಕೂತೆ.

ಎರಡು ಗಂಟೆಗೆ ಹೆಣವನ್ನು ಮಂಚದ ಸಮೇತ ಹುಲ್ಲಿನ ಮೇಲೆ ಇಟ್ಟರು. ಸುತ್ತಲಿನ ಹಟ್ಟಿಗಳ ಜನ ಸಾವಿರದ ಮೇಲಿತ್ತು. ಮುರಳೀಧರನ್ ಬಂದಿದ್ದ, ಗಿರಿಧರನ್ ಬಂದಿದ್ದ, ಇಬ್ಬರೂ ಬಿಳಿ ಬಟ್ಟೆಯಲ್ಲಿ ಎದುರುಬದುರು. ಮಾವ ಇನ್ನೂ ಕಾಣಲಿಲ್ಲ. ಜನ ಗುಸುಗುಸು ಎಂದರು. ಆಮೇಲೆ ಜನ ದಾರಿ ಬಿಟ್ಟರು. ಹೊಸ ಮುಂಡಾಸು ಕಟ್ಟಿ ಮಾವ ಬಂದು ತಲೆಯ ಬಳಿ ನಿಂತರು.

ಶುರು ಮಾಡಿದರು. ಗಡಿಕಲ್ಲು ಸರಿಸಿದ್ದು. ಅದು ಪಾಪ! ಹಸುವಿನ ಕೆಚ್ಚಲಿಂದ ಕರುವನ್ನು ಬಿಡಿಸಿದ್ದು. ಅದು ಪಾಪ! ಬಡವರ ಕೂಗಿಗೆ ಕಿವಿ ಮುಚ್ಚಿದ್ದು. ಅದು ಪಾಪ! ಸಾವಿರ ಗಂಟಲಿನ ಸದ್ದಿಗೆ ನೆಲ ಅದುರುತ್ತಿತ್ತು. ಹೇಳುತ್ತ ಹೇಳುತ್ತ ಮಾವ ನಿಲ್ಲಿಸಿದರು. ಆಮೇಲೆ ಅದೇ ರಾಗದಲ್ಲಿ, ಯಾವತ್ತೂ ಯಾರೂ ಕೇಳದ ಒಂದು ಸಾಲು ಹೇಳಿದರು.

"ಉಸಿರಿಗೆ ಹೆದರಿ, ಹಟ್ಟಿಯ ಹಳ್ಳವನ್ನು ಕಾಗದದಲ್ಲಿ ಬರೆದು ಕೊಟ್ಟದ್ದು."

ಸದ್ದೇ ಇಲ್ಲ. ಎಲ್ಲರಿಗೂ ತಿಳಿಯಿತು. ಕೆಲವರು ಹೆಣವನ್ನು ನೋಡಿದರು, ಕೆಲವರು ನನ್ನನ್ನು. ಇದೇ, ಇಷ್ಟು ದಿನ ನಾನು ಹೆದರಿದ್ದು ಇದಕ್ಕೇ. ಒಬ್ಬೊಬ್ಬರಾಗಿ ಎದ್ದು ಹೋಗುತ್ತಾರೆ ಈಗ. ಸಿಂಧುಜಾಳ ಕಣ್ಣು ದೊಡ್ಡದಾಗಿತ್ತು. ಫೆಬ್ರವರಿಯಿಂದ ಅವಳು ಹುಡುಕಿದ ಹೆಸರು ಅಲ್ಲಿ ಮಲಗಿತ್ತು.

"ಅದು ಪಾಪ" ಎಂದೆ ನಾನು. ಒಂಟಿ ಧ್ವನಿ. ಬರಬೇಕಾದಷ್ಟು ಬರಲಿಲ್ಲ, ಮತ್ತೆ ಹೇಳಿದೆ. ಎರಡನೆಯ ಸಲ ಪಕ್ಕದಲ್ಲಿ ಸಿಂಧುಜಾಳ ಧ್ವನಿ ಸೇರಿತು. ಆಮೇಲೆ ಹೆಂಗಸರು. ಆಮೇಲೆ ಗಂಡಸರ ಕಡೆಯಿಂದ ಒಂದೇ ಬಾರಿಗೆ ಎದ್ದು ಬಂತು.

ಮಾವ ಅಲ್ಲಿಗೆ ಬಿಡಲಿಲ್ಲ. "ಉಸಿರು ಕಟ್ಟಿದವನ ಕೈಯಲ್ಲಿ ಬರೆಸಿಕೊಂಡದ್ದು."

ಅದು ಪಾಪ! ಗಿರಿಧರನ್ ಎಲ್ಲರಿಗಿಂತ ಜೋರಾಗಿ ಕೂಗಿದ.

"ಬೆಟ್ಟದಲ್ಲಿ ಒಂದು ಮಾತು, ಬಯಲಲ್ಲಿ ಒಂದು ಮಾತು ಆಡಿದ್ದು."

ಅದು ಪಾಪ! ಈ ಸಲ ಗಿರಿಧರನ್ ಬಾಯಿ ತಡವಾಗಿ ತೆರೆಯಿತು. ಮುರಳೀಧರನ್ ತುಟಿಯೂ ಅಲ್ಲಾಡಿತು. ಬಡಗನಾಗಿ ಹುಟ್ಟಿ ಹೆಣದ ಮುಂದೆ ನಿಂತವನು ಅನ್ನದೆ ಇರಲಾರ. ನಾನು ಕಣ್ಣಾರೆ ನೋಡಿದೆ.

ಹೊರುವ ಹೊತ್ತು ಬಂತು. ಯಾರೂ ಮೊದಲು ಮುಂದೆ ಬರಲಿಲ್ಲ. ಆ ನಾಲ್ಕು ಉಸಿರಿನಷ್ಟು ಹೊತ್ತು ನಾನು ಬದುಕಿರಲಿಲ್ಲ. ಕೊನೆಗೆ ಸಿಂಧುಜಾಳ ಅಪ್ಪ ಟವೆಲು ಮಡಿಸಿ ಹೆಗಲಿಗೆ ಹಾಕಿಕೊಂಡು ಬಂದ. ಅವನ ಹಿಂದೆ ಇನ್ನಿಬ್ಬರು. ನಾಲ್ಕನೆಯ ಮೂಲೆಗೆ ಮುರಳೀಧರನ್ ಬಂದು ಬಗ್ಗಿದ. ಕ್ಯಾಮೆರಾದವರು ಮುಂದೆ ಓಡಿದರು. ಅವನ ಕಣ್ಣಲ್ಲಿ ನೀರಿತ್ತು, ಇಲ್ಲವೆನ್ನಲಾರೆ.

ನಂಜುಂಡನ್ ಮಾವ ಅವನ ಎದೆಯ ಮೇಲೆ ಅಂಗೈ ಇಟ್ಟು ತಡೆದರು. ಸಿಟ್ಟಿಲ್ಲ, ಮಗುವಿಗೆ ಹೇಳುವ ಹಾಗೆ ಹೇಳಿದರು.

"ನೀ ಬೇಡಪ್ಪ. ಅವನದ್ದು ನಾವು ಹೇಳಿ ಇಳಿಸಿದೊ. ನೀ ಇನ್ನೂ ಬದುಕಿದ್ದೀಯ, ನಿನ್ನದ್ದನ್ನ ನೀನೇ ಹೇಳಬೇಕು."

ಮುರಳೀಧರನ್ ನೆಟ್ಟಗಾದ. ಏನೋ ಹೇಳಲು ಬಾಯಿ ತೆರೆದ. ಸಾವಿರ ಜನ ಕಾದರು. ಕ್ಯಾಮೆರಾ ಕಾದಿತು. ಅವನು ನನ್ನ ಕಡೆ ನೋಡಿದ, ಬಾಯಿ ಮುಚ್ಚಿಕೊಂಡು ಹಿಂದೆ ಸರಿದ. ಆ ಮೂಲೆಗೆ ಮಾವ ತಾವೇ ಹೆಗಲು ಕೊಟ್ಟರು. ಎಂಬತ್ತೆರಡು ವರ್ಷದ ಹೆಗಲು. ಮಂಚ ಎದ್ದಿತು.